ಬಸಲಿಂಗ ಕಾಕಾನ ಪಾಸಾದ ರಕ್ತ, ನಪಾಸಾದ ಕಾಲು

ಬಸಲಿಂಗ ಕಾಕಾ ಮಗ್ಗದ ಶೆಡ್ಡಿನ ನಟ್ಟನಡುವೆ ಬರಿಗಾಲಲ್ಲಿ ನಿಂತು, ಕೈ ಬೆನ್ನ ಹಿಂದೆ ಕಟ್ಟಿ, ಕಣ್ಣು ಮುಚ್ಚಿದನೆಂದರೆ ನಾವೆಲ್ಲ ತಂಬಾಕು ಜಗಿಯುವುದನ್ನು ನಿಲ್ಲಿಸಿ ಅವನ ಪಾದ ನೋಡುತ್ತಿದ್ದೆವು. ಸುತ್ತ ಕರೆಂಟಿನ ಮಗ್ಗಗಳು ಖಟಾಖಟ್ ಖಟಾಖಟ್ ಎಂದು ಬಡಿದುಕೊಳ್ಳುತ್ತಿರುತ್ತಿದ್ದವು. ಪಕ್ಕದವನು ಬೈದರೂ ಕೇಳಿಸದ ಗದ್ದಲ. ಬೈಯುವವರಿಗೆ ಅದರಿಂದ ಅನುಕೂಲವೇ ಇತ್ತು, ಆ ಮಾತು ಬೇರೆ. ಅಂಥ ಗದ್ದಲದಲ್ಲಿ ಕಾಕಾ ಅಂಗಾಲಿನಿಂದ ಕೇಳುತ್ತಿದ್ದ. ನೆಲದ ನಡುಕ ಕಾಲಿಗೆ ಹತ್ತಿ, ಮೊಳಕಾಲಿಗೆ ಏರಿ, ಮೀಸೆಯವರೆಗೂ ಬಂದಮೇಲೆ ಕಣ್ಣು ತೆರೆದು ತೀರ್ಪು ಕೊಡುತ್ತಿದ್ದ: ‘ಮೂಲ್ಯಾಗಿಂದು ಕುಂಟಾಕತ್ತೈತಿ. ಎಡಗಡಿ ನಟ್ಟು ಸಡ್ಲ ಆಗೈತಿ, ನೋಡ್ರಿ.’

ಹೋಗಿ ನೋಡಿದರೆ ಒಮ್ಮೊಮ್ಮೆ ನಟ್ಟು ಸಡಿಲಾಗಿರುತ್ತಿತ್ತು. ಒಮ್ಮೊಮ್ಮೆ ಬಂಡೆಯ ಹಾಗೆ ಬಿಗಿಯಾಗಿರುತ್ತಿತ್ತು. ಆಗಲೂ ಕಾಕಾ ಸೋಲುತ್ತಿರಲಿಲ್ಲ. ‘ಈಗ ಬಿಗಿ ಐತಿ. ಸಂಜಿಕ ಸಡ್ಲ ಆಗತೈತಿ. ನನ್ನ ಕಾಲಿಗಿ ಮುಂಚೇನ ಗೊತ್ತಾಗತೈತಿ’ ಅನ್ನುತ್ತಿದ್ದ.

ಇದು ಗಡಿಯಾಚೆ, ಮಹಾರಾಷ್ಟ್ರದ ಇಚಲಕರಂಜಿಯ ಮಾತು. ಕಾಕಾ ನಮ್ಮ ಶೆಡ್ಡಿನ ಜಾಬರ್, ಅಂದರೆ ಮಗ್ಗ ಮುನಿಸಿಕೊಂಡರೆ ರಮಿಸುವ ಮನುಷ್ಯ. ಗಡಹಿಂಗ್ಲಜ ಕಡೆಯವನು. ನನಗೆ ಸಂಬಂಧದಲ್ಲಿ ಏನೂ ಆಗಬೇಕಾಗಿರಲಿಲ್ಲ. ಗೋಡೆಗೆ ಗೋಡೆ ಹತ್ತಿದ ಮನೆ, ಅದಕ್ಕೇ ಕಾಕಾ. ಅವನ ಹೆಂಡತಿ ನೀಲವ್ವ ಕಾಕು. ನಾನು ಅದೇ ಶೆಡ್ಡಿನಲ್ಲಿ ಎರಡು ಮಗ್ಗ ನಡೆಸುತ್ತಿದ್ದೆ. ನಡೆಸುತ್ತಿದ್ದೆ ಅನ್ನುವುದಕ್ಕಿಂತ, ಅವು ನಡೆಯುತ್ತಿದ್ದವು, ನಾನು ಹತ್ತಿರ ನಿಂತಿರುತ್ತಿದ್ದೆ. ನನ್ನ ನಿಜವಾದ ಕಸಬು ಬೇರೆ. ಓಣಿಯವರೆಲ್ಲ ನನ್ನನ್ನು ನಕಲ್ಯಾ ಎಂದು ಕರೆಯುತ್ತಿದ್ದರು. ಶೆಡ್ಡಿನ ಮಾಲೀಕ ನಮ್ಮ ಶೇಟ್ ಸೀನುವ ಮುಂಚೆ ಮಾಡುವ ಮುಖ, ಮಠದ ಅಯ್ಯನವರು ಎರಡನೇ ಸಲ ಹೋಳಿಗೆ ಬೇಡವೆನ್ನುವ ಧಾಟಿ, ರಜೆ ಕೇಳುವಾಗ ನಾನೇ ತಡವರಿಸುವ ರೀತಿ, ಎಲ್ಲ ಮಾಡಿ ತೋರಿಸುತ್ತಿದ್ದೆ. ಒಮ್ಮೆ ಅವ್ವನ ದನಿಯಲ್ಲಿ ಬೈದಾಗ ಅಪ್ಪ ಊಟ ಬಿಟ್ಟು ಎದ್ದು ನಿಂತಿದ್ದ.

ಆದರೆ ಕಾಕಾನ ನಕಲು ಮಾಡಲು ಮೊದಮೊದಲು ಏನೂ ಸಿಗುತ್ತಿರಲಿಲ್ಲ, ಹಟವೊಂದನ್ನು ಬಿಟ್ಟರೆ. ಆ ಹಟದ ಕತೆ ಕಾಶಿಯದು. ನಮ್ಮ ಕಡೆ ಕಾಶಿಗೆ ಹೋದವರು ಅಲ್ಲಿ ತಿನ್ನುವ ಪದಾರ್ಥವೊಂದನ್ನು ಬಿಟ್ಟು ಬರಬೇಕು. ಜಾಣರು ತಮಗೆ ಸೇರದ್ದನ್ನೇ ಬಿಡುತ್ತಾರೆ. ಕಾಕು ಹಾಗಲಕಾಯಿ ಬಿಟ್ಟಳು. ಅದನ್ನು ಅವಳು ಹುಟ್ಟಿದಾಗಿನಿಂದ ತಿಂದವಳಲ್ಲ. ಕಾಕಾನ ಅಣ್ಣ ಸುವರ್ಣಗೆಡ್ಡೆ ಬಿಟ್ಟ. ಅದು ಅವರ ಊರಲ್ಲಿ ಬೆಳೆಯುತ್ತಿರಲಿಲ್ಲ. ಕಾಕಾನಿಗೆ ಸಿಟ್ಟು ಬಂತು. ‘ಯಾರಿಗಿ ಮೋಸ ಮಾಡಾಕತ್ತೀರಿ? ವಿಶ್ವನಾಥಗ?’ ಎಂದು ಗಂಗೆಯಲ್ಲಿ ಎದೆಮಟ ನಿಂತು, ಹಾಲು ಬಿಟ್ಟೆ ಎಂದುಬಿಟ್ಟ. ಹಾಲಷ್ಟೇ ಅಲ್ಲ, ಹಾಲಿಗೆ ಹುಟ್ಟಿದ ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಪೇಢೆ, ಎಲ್ಲ ವಂಶಸಮೇತ. ಅಣ್ಣನ ಮುಖ ನೋಡುತ್ತ ಹೇಳಿದನಂತೆ. ದಡಕ್ಕೆ ಬಂದಮೇಲೆ ಎಲ್ಲರೂ ಚಹಾ ಕುಡಿಯತೊಡಗಿದಾಗಲೇ ತಾನೇನು ಮಾಡಿಕೊಂಡೆ ಎಂಬುದು ಅವನಿಗೆ ತಿಳಿದದ್ದು.

ಅಂದಿನಿಂದ ಬೆಲ್ಲದ ಕರೀ ಚಹಾ. ಊಟಕ್ಕೆ ರೊಟ್ಟಿ, ಮೆಂತ್ಯೆಪಲ್ಲೆ, ಕಡಲೆ ಉಸಳಿ, ಶೇಂಗಾ ಹಿಂಡಿ. ‘ಆನಿ ಏನ್ ಹಾಲ ಕುಡೀತೈತೇನೋ? ಸೊಪ್ಪ ತಿಂದ ಬದಕತೈತಿ’ ಅನ್ನುತ್ತಿದ್ದ. ಆನೆಯ ಮರಿಯ ವಿಷಯ ತೆಗೆದರೆ ಮಾತು ಬದಲಿಸುತ್ತಿದ್ದ.

ಹೀಗೇ ವರ್ಷಗಳು ಹೋದವು. ಒಂದು ದಿನ ಕಾಕಾ ಶೆಡ್ಡಿನ ನಡುವೆ ನಿಂತು ಕಣ್ಣು ಮುಚ್ಚಿದ. ಬಹಳ ಹೊತ್ತು ನಿಂತ. ಮೀಸೆ ಅಲುಗಲಿಲ್ಲ. ಕಣ್ಣು ತೆರೆದು ಶೇಟನ ಹತ್ತಿರ ಹೋಗಿ ಕೇಳಿದ: ‘ಶೇಟ್, ನೆಲಾ ಬದಲ ಮಾಡ್ಸೀರೇನ್ರಿ?’

‘ನೆಲಾ? ಇಲ್ಲಲ್ಲ.’

‘ಮೆತ್ತಗ ಆಗೈತ್ರಿ. ಗಾದಿ ಮ್ಯಾಲ ನಿಂತಂಗ ಆಗತೈತಿ. ಸಿಮೆಂಟಿನ್ಯಾಗ ಏನರ ಬೆರಕಿ ಆಗೈತಿ.’

ಶೇಟ್ ನೆಲವನ್ನು ಮುಟ್ಟಿ ನೋಡಿದ. ನಾವೂ ಮುಟ್ಟಿದೆವು. ನೆಲ ನೆಲದ ಹಾಗೇ ಇತ್ತು. ಕಾಕಾ ಒಪ್ಪಲಿಲ್ಲ. ಹತ್ತಿಯ ಧೂಳು ಕೂತಿದೆ ಎಂದು ದಿನಕ್ಕೆ ನಾಲ್ಕಾರು ಸಲ ಕಸಬರಿಗೆ ಆಡಿಸಿದ, ನೀರು ಹೊಡೆಸಿದ, ಕೊನೆಗೆ ಕಲ್ಲಿನಿಂದ ಉಜ್ಜಿಸಿದ. ಇಚಲಕರಂಜಿಯಲ್ಲಿ ಅಷ್ಟು ಸ್ವಚ್ಛ ಶೆಡ್ಡು ಇನ್ನೊಂದಿರಲಿಲ್ಲ.

ನೆಲದ ಮೇಲಿನ ಫಿರ್ಯಾದು ಮುಗಿಯುವ ಮುಂಚೆ ಸಾಬೂನಿನದು ಶುರುವಾಯಿತು. ಮುಂಜಾನೆ ಮುಖಕ್ಕೆ ಸಾಬೂನು ಹಚ್ಚಿ ಕಣ್ಣು ಮುಚ್ಚಿದ ಕೂಡಲೇ ಕಾಕಾ ಬಚ್ಚಲಲ್ಲಿ ಧೊಪ್ಪೆಂದು ಬೀಳತೊಡಗಿದ. ಗೋಡೆಯಾಚೆಯಿಂದ ನಮಗೆ ದಿನಾ ಕೇಳುತ್ತಿತ್ತು. ಮೊದಲು ಕೊಡಪಾನ, ಆಮೇಲೆ ಕಾಕಾ, ಆಮೇಲೆ ಕಾಕುವಿನ ‘ಅಯ್ಯ ಶಿವನ’. ಸಾಬೂನಿನಲ್ಲಿ ತಲೆ ತಿರುಗಿಸುವ ಮದ್ದು ಹಾಕಿದ್ದಾರೆ ಎಂದು ಕಾಕಾನ ತೀರ್ಮಾನ. ಸಾಬೂನು ಬದಲಿಸಿದ, ಬಿದ್ದ. ಕಡಲೆಹಿಟ್ಟು ಹಚ್ಚಿದ, ಬಿದ್ದ. ಕಿರಾಣಿ ಅಂಗಡಿಯವನ ಜೊತೆ ಜಗಳಕ್ಕೆ ಹೋದಾಗ ಅಂಗಡಿಯವ ಕೈ ಮುಗಿದ: ‘ಕಾಕಾ, ಕಡ್ಲಿಹಿಟ್ಟಿನ್ಯಾಗೂ ಮದ್ದು ಹಾಕ್ಯಾರ ಅಂತೀರಿ. ಹಂಗಾರ ಓಣ್ಯಾಗಿನ ಭಜಿ ತಿಂದಾವ್ರೆಲ್ಲಾ ಬಿದ್ದಿರಬೇಕಲ್ರಿ?’

ಈ ಮಧ್ಯೆ ಕಾಕಾ ನನಗೆ ಬೇಕಾದದ್ದನ್ನೆಲ್ಲ ಕೊಡತೊಡಗಿದ್ದ. ನಡೆಯುವಾಗ ಕಾಲನ್ನು ಕೆಸರಿನಿಂದ ಕಿತ್ತಂತೆ ಎತ್ತರಕ್ಕೆ ಎತ್ತಿ, ನೆಲಕ್ಕೆ ಧಪ್ಪೆಂದು ಒಗೆಯುತ್ತಿದ್ದ. ಕಣ್ಣು ಯಾವಾಗಲೂ ಪಾದದ ಮೇಲೆ, ಅದು ಬೇರೆಯವರದೇನೋ ಎಂಬಂತೆ. ಕತ್ತಲಾದರೆ ಎರಡೂ ಕೈ ಅಗಲಿಸಿ ಗಿಡುಗನ ಹಾಗೆ ಬರುತ್ತಿದ್ದ. ಕಾಲಲ್ಲಿ ಇರುವೆ ಹರಿದಂತೆ ಆಗುತ್ತದೆ, ನಾಲಿಗೆ ಉರಿಯುತ್ತದೆ ಎನ್ನುತ್ತಿದ್ದ. ಒಂದು ಸಂಜೆ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದ. ಇನ್ನೊಂದೆಲ್ಲಿ ಎಂದು ಕಾಕು ಕೇಳಿದರೆ, ‘ಎರಡೂ ಅದಾವಲ್ಲ’ ಎಂದು ಕಾಲು ಮುಂದಿಟ್ಟು, ತಾನೇ ನೋಡಿ ದಂಗಾದ. ನಾನು ಈ ನಡಿಗೆಯನ್ನು ಒಂದೇ ವಾರದಲ್ಲಿ ಕಲಿತೆ. ನನ್ನ ನಕಲುಗಳಲ್ಲೇ ಅದು ಎಲ್ಲಕ್ಕಿಂತ ಹೆಚ್ಚು ಬೇಡಿಕೆಯದು. ಕಾಕಾನೂ ನೋಡಿ ನಗುತ್ತಿದ್ದ. ‘ಯಾರಂವ? ಕಾಲ ನೆಟ್ಟಗಿಲ್ಲೇನು ಪಾಪ?’ ಎಂದು ಕೇಳುತ್ತಿದ್ದ.

ಕಾಕು ಒತ್ತಾಯ ಮಾಡಿ ಓಣಿಯ ಡಾಕ್ಟರರ ಬಳಿ ಕಳಿಸಿದಳು. ಮೈಯಲ್ಲಿ ರಕ್ತ ಕಡಿಮೆಯಾಗಿರಬೇಕೆಂದು ಅವರು ರಕ್ತ ತೆಗೆದು ಪರೀಕ್ಷೆ ಮಾಡಿಸಿದರು. ರಕ್ತ ಚೊಕ್ಕ. ‘ಏನೂ ಇಲ್ಲ, ವಿಚಾರ ಭಾಳ ಮಾಡಬ್ಯಾಡ್ರಿ’ ಎಂದು ಟಾನಿಕ್ ಬರೆದರು. ಕಾಕಾ ರಿಪೋರ್ಟನ್ನು ಮಡಿಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಓಣಿ ತುಂಬ ತೋರಿಸಿ ಬಂದ: ‘ನೋಡ್ರೆಪಾ, ಫಸ್ಟ್ ಕ್ಲಾಸ್ ಪಾಸ್.’ ತೋರಿಸಿ ತಿರುಗುವಾಗ ಗಟಾರದಲ್ಲಿ ಬಿದ್ದ.

ರಕ್ತ ಚೊಕ್ಕವಿದ್ದೂ ಮನುಷ್ಯ ತೂರಾಡುತ್ತಾನೆಂದರೆ ಊರಿಗೆ ತಿಳಿಯುವುದು ಒಂದೇ ಕಾರಣ. ಆಗ ದಾರೂಬಂದಿಯ ಕಾಲ. ಕುಡಿದವನನ್ನು ಪೋಲೀಸರು ಹಿಡಿಯುತ್ತಿದ್ದರು. ಹುಟ್ಟಾ ಲಿಂಗಾಯತ, ಕೊರಳಲ್ಲಿ ಲಿಂಗದ ಕರಡಿಗೆ, ಬಾಯಲ್ಲಿ ಕರೀ ಚಹಾ ಬಿಟ್ಟು ಬೇರೆ ಕಾಣದ ಕಾಕಾನನ್ನು ಒಂದು ಮುಸ್ಸಂಜೆ ಹವಾಲದಾರನೊಬ್ಬ ತಡೆದ. ‘ಪಿಊನ ಆಲಾಸ ಕಾಯ ರೇ?’ ಕುಡಿದು ಬಂದೀಯೇನೋ ಎಂದು ಮರಾಠಿಯಲ್ಲಿ ಗದರಿಸಿದ.

‘ಫಕ್ತ ಚಹಾ, ಸಾಹೇಬ. ತೋ ಪಣ ಕಾಳಾ.’ ಬರೀ ಚಹಾ, ಅದೂ ಕರಿಯದು, ಎಂದ ಕಾಕಾ, ಕೈ ಅಗಲಿಸಿಕೊಂಡೇ.

ಸುದ್ದಿ ಕೇಳಿ ನಾನೂ ಕಾಕುವೂ ಚೌಕಿಗೆ ಓಡಿದೆವು. ಅಲ್ಲಿ ಕಾಕಾನ ಬಾಯಿ ಮೂಸಿದರು, ಮೆಂತ್ಯೆಪಲ್ಲೆ. ದೀಪದ ಬೆಳಕಲ್ಲಿ ಸುಣ್ಣದ ಗೆರೆಯ ಮೇಲೆ ನಡೆಸಿದರು. ಪಾದ ನೋಡುತ್ತ ಹೇಗೋ ನಡೆದ. ಆಮೇಲೆ ದವಾಖಾನೆಗೆ ಒಯ್ದು ದಾರೂ ಸಲುವಾಗಿ ರಕ್ತ ತೆಗೆದರು. ಆ ರಿಪೋರ್ಟೂ ಚೊಕ್ಕ ಬಂತು. ನಮ್ಮ ಓಣಿಯಲ್ಲಿ ಒಂದರ ಹಿಂದೊಂದು ಎರಡು ಪರೀಕ್ಷೆ ಪಾಸಾದ ಮೊದಲ ಮನುಷ್ಯ ಬಸಲಿಂಗ ಕಾಕಾ. ನಾನು ಏಳನೇ ತರಗತಿಯಲ್ಲೇ ನಪಾಸಾಗಿ ಕೂತವನು.

ಆದರೆ ಶೇಟ್ ನಗಲಿಲ್ಲ. ಕಾಕಾನನ್ನು ಕರೆಸಿ, ನೆಲ ನೋಡುತ್ತ ಹೇಳಿದ: ‘ಕಾಕಾ, ಕುಡದೀರೋ ಬಿಟ್ಟೀರೋ ಶಿವಗ ಗೊತ್ತು. ಮಗ್ಗದ ತಿರುಗೋ ಪಟ್ಟಾದಾಗ ಬಿದ್ರಂದ್ರ ನನಗ ಜೇಲ. ದೀಪಾವಳಿ ಆದಮ್ಯಾಲ ಬ್ಯಾರೇ ಜಾಬರ್ ಬರ್ತಾನ. ಅಷ್ಟರಾಗ ಕಾಲ ನೆಟ್ಟಗ ಮಾಡ್ಕೊಂಡ್ ಬರ್ರಿ. ಜಾಗಾ ನಿಮ್ದ.’

ಅಂದು ಕಾಕಾ ಮನೆಗೆ ಬಂದು ಕರೀ ಚಹಾವನ್ನೂ ಬೇಡವೆಂದ. ‘ನೀಲವ್ವಾ, ಶೆಡ್ಡಿನ್ಯಾಗ ನಿಂತೆ. ಎಲ್ಲಾ ಮಗ್ಗಾ ನಡದಾವ ಅಂತ ಕಿವಿ ಹೇಳತೈತಿ. ಕಾಲಿಗಿ ಒಂದೂ ನಡದಿಲ್ಲ’ ಎಂದ. ಗೋಡೆಯಾಚೆ ನಾನು ಅವನ ದನಿ ಹಿಡಿಯಲು ನೋಡಿದೆ. ಆ ದನಿ ನನಗೆ ಬರಲಿಲ್ಲ.

ಮರುದಿನ ನಾನೂ ಕಾಕಾನೂ ಕೋಲ್ಹಾಪುರದ ಬಸ್ಸು ಹತ್ತಿದೆವು. ಅಲ್ಲೊಬ್ಬ ದೊಡ್ಡ ಡಾಕ್ಟರರಿದ್ದರು, ವಯಸ್ಸಾದವರು, ಮರಾಠಿ ಮನೆಮಾತು. ಬೆಳಗಾವಿಯಲ್ಲಿ ಓದಿದವರಾದ್ದರಿಂದ ಕನ್ನಡವೂ ಬರುತ್ತಿತ್ತು. ಮುಂದೆ ನಡೆದದ್ದಕ್ಕೆ ಕಾರಣ ಕಾಕಾನ ಸಭ್ಯತೆ. ದೊಡ್ಡವರ ಮುಂದೆ ಹೋಗಬೇಕೆಂದು ಅವನು ಇಸ್ತ್ರಿ ಅಂಗಿ ಹಾಕಿ, ರುಮಾಲು ಸುತ್ತಿ, ಉಸಿರು ಬಿಗಿಹಿಡಿದು, ಕಾಲ ಮೇಲೆ ಕಣ್ಣಿಟ್ಟು, ಮದುಮಗನ ಹಾಗೆ ಒಂದೊಂದೇ ಹೆಜ್ಜೆಯಿಟ್ಟು ಒಳಗೆ ಹೋದ. ಏನು ತ್ರಾಸು ಎಂದರೆ ‘ಸಾಬೂನಿಂದು ಸ್ವಲ್ಪ ತಕರಾರ ಐತ್ರಿ’ ಎಂದ. ಎರಡೂ ರಿಪೋರ್ಟು ಮೇಜಿನ ಮೇಲೆ ಹರವಿದ. ಡಾಕ್ಟರು ಓದಿ, ‘ರಕ್ತ ನನ್ನದಕಿಂತಾ ಚಲೋ ಐತಲ್ರಿ’ ಎಂದು ನಗುವುದು ಹೊರಗೆ ಕೇಳಿಸಿತು.

ಹೊರಗೆ ಪಡಸಾಲೆಯಲ್ಲಿ ಕೂತ ರೋಗಿಗಳು ನನ್ನನ್ನು ಕೇಳಿದರು: ಒಳಗೆ ಹೋದವರಿಗೆ ಏನಾಗಿದೆ? ಬಾಯಲ್ಲಿ ಹೇಳುವುದು ನನ್ನ ಪದ್ಧತಿಯಲ್ಲ. ಎದ್ದು ನಡೆದು ತೋರಿಸಿದೆ. ಕಾಲು ಎತ್ತರಕ್ಕೆ, ಧಪ್. ಕಾಲು ಎತ್ತರಕ್ಕೆ, ಧಪ್. ಸಾಬೂನು ಹಚ್ಚಿದೆ, ಕಣ್ಣು ಮುಚ್ಚಿದೆ, ಮುರಗೂಡದಿಂದ ಬಂದಿದ್ದ ಮುದುಕಿಯೊಬ್ಬಳ ಮಡಿಲಲ್ಲಿ ಬಿದ್ದೆ. ಪಡಸಾಲೆಯೆಲ್ಲ ನಗೆ. ಕೆಮ್ಮಿನವರು ಕೆಮ್ಮಿದರು, ಹೊಟ್ಟೆನೋವಿನವರು ಹೊಟ್ಟೆ ಹಿಡಿದುಕೊಂಡರು.

ಬಾಗಿಲು ತೆರೆಯಿತು. ಡಾಕ್ಟರು ಕಣ್ಣು ಕೆಂಪು ಮಾಡಿ ನಿಂತಿದ್ದರು. ಬೈಯಲು ಬಂದವರು ಬೈಯಲಿಲ್ಲ. ನನ್ನ ಕಾಲು ನೋಡಿ ‘ಪುನ್ಹಾ ಕರ’ ಎಂದರು, ಮತ್ತೆ ಮಾಡು ಅಂತ.

ಮಾಡಿದೆ.

‘ಕಣ್ಣ ಮುಚ್ಚಿ ನಿಂದ್ರು.’

ನಿಂತೆ. ಬಿದ್ದೆ. ಅವರು ನನ್ನ ದವಡೆ ಹಿಡಿದು ‘ನಾಲಿಗಿ ತೋರ್ಸು’ ಎಂದರು. ತೋರಿಸಿದೆ. ‘ನಾಲಿಗಿ ನೆಟ್ಟಗೈತಿ’ ಎಂದು ತಮ್ಮಷ್ಟಕ್ಕೆ ಗೊಣಗಿದರು. ಆಗ ನಾನು ಹೇಳಿದೆ: ‘ಇದು ನನ್ನ ನಾಲಿಗಿ ರೀ ಸಾಹೇಬ್ರ. ಕಾಲಷ್ಟ ಕಾಕಾಂದು.’

‘ಒಳಗ ಕುಂತಾರಲ್ಲ, ಅವರ ಹಿಂಗ ನಡೀತಾರ?’

‘ದಿನಾ ಹಿಂಗ ರೀ. ಇವತ್ತ ನಿಮ್ಮ ಮರ್ಯಾದಿಗಿ ನೆಟ್ಟಗ ನಡದಾರ.’

ಆಮೇಲೆ ಶುರುವಾಯಿತು ನಿಜವಾದ ಪರೀಕ್ಷೆ. ಕಾಕಾನ ಪಾಲಿಗೆ ಮೂರನೆಯದು. ರುಮಾಲು ತೆಗೆಸಿ, ಕಣ್ಣು ಮುಚ್ಚಿಸಿ ನಿಲ್ಲಿಸಿದರು. ಕಾಕಾ ಡಾಕ್ಟರರ ಮೇಲೆಯೇ ವಾಲಿದ. ‘ಇಲ್ಲೂ ಸಾಬೂನ ಹಚ್ಚೀರೇನ್ರಿ?’ ಎಂದು ಕೇಳಿದ. ನಾಲಿಗೆ ನೋಡಿದರು, ನುಣ್ಣಗೆ ತೊಳೆದ ಕಲ್ಲಿನಂತೆ ಕೆಂಪಗಿತ್ತು. ಎರಡು ಕವಲಿನ ಒಂದು ಕಬ್ಬಿಣದ ತುಂಡನ್ನು ತಮ್ಮ ಮೊಳಕೈಗೆ ಬಡಿದರು. ಅದು ಗುಂಯ್ ಎಂದಿತು. ಅದರ ಬುಡವನ್ನು ಕಾಕಾನ ಕಾಲಿನ ಹಿಮ್ಮಡದ ಎಲುಬಿಗೆ ಹಚ್ಚಿದರು.

‘ನಡಗಾಕತ್ತಿದ್ದು ಗೊತ್ತಾಗತೈತೇನ್ರಿ?’

ಕಾಕಾ ತಲೆ ವಾಲಿಸಿ ಆಲಿಸಿದ. ಶೆಡ್ಡಿನಲ್ಲಿ ನಿಂತಾಗಿನ ಅದೇ ಮುಖ. ‘ಕಿವಿಗಿ ಕೇಳಸ್ತೈತ್ರಿ’ ಎಂದ. ಆಮೇಲೆ ಸಣ್ಣ ದನಿಯಲ್ಲಿ, ‘ಕಾಲಿಗಿ ಕೇಳ್ಸವಲ್ದು’ ಎಂದ. ನಾನು ಗೋಡೆಯ ಮೇಲಿನ ಚಿತ್ರ ನೋಡಿದೆ. ಒಬ್ಬ ಮನುಷ್ಯನ ತೊಗಲು ಸುಲಿದು ನರಗಳನ್ನು ತೋರಿಸಿದ ಚಿತ್ರ. ಅವನ ಮುಖವೂ ನಗುತ್ತಿರಲಿಲ್ಲ.

‘ಊಟಕ್ಕ ಏನ್ ತಿಂತೀರಿ?’

ಕಾಕಾ ಹೆಮ್ಮೆಯಿಂದ ಎಣಿಸಿದ: ರೊಟ್ಟಿ, ಮೆಂತ್ಯೆ, ಕಡಲೆ, ಹೆಸರು, ಶೇಂಗಾ.

‘ಮಜ್ಜಿಗಿ?’

‘ಬಿಟ್ಟೇನ್ರಿ.’

‘ಹಾಲು? ಮೊಸರು?’

‘ಎಲ್ಲಾ ಬಿಟ್ಟೇನ್ರಿ, ಕಾಶಿಗಿ ಹೋಗಿ ಬಂದಾಗಿಂದ. ನಮ್ಮಣ್ಣ ಸುವರ್ಣಗಡ್ಡಿ ಬಿಟ್ಟಾನ್ರಿ,’ ಎಂದು ಅಣ್ಣನ ಹೇಡಿತನವನ್ನೂ ದಾಖಲು ಮಾಡಿದ.

ಡಾಕ್ಟರು ಪೆನ್ನು ಕೆಳಗಿಟ್ಟು ಹಣೆ ಹಿಡಿದುಕೊಂಡರು. ಆಮೇಲೆ ಅವರು ಬಿಡಿಸಿ ಹೇಳಿದ್ದನ್ನು ನಾನು ಇವತ್ತಿಗೂ ಅವರದೇ ದನಿಯಲ್ಲಿ ಹೇಳಬಲ್ಲೆ. ‘ನಿಮ್ಮ ಮೆಂತ್ಯೆ, ಕಡ್ಲಿ ರಕ್ತಾನ ಸಂಭಾಳ್ಸ್ಯಾವ. ಅದಕ್ಕ ರಿಪೋರ್ಟ್ ಚಲೋ ಬಂದಾವ. ಆದ್ರ ನರಕ್ಕ ಬೇಕಾದ್ದು ಬ್ಯಾರೇ ಜೀವಸತ್ವ. ಬಿ ಬಾರಾ ಅಂತಾರ. ಸೊಪ್ಪಿನ್ಯಾಗ ಅದು ಇರಂಗಿಲ್ಲ. ಮಾಂಸ, ತತ್ತಿ, ಹಾಲು, ಇವುರಾಗ ಇರತೈತಿ. ಮಾಂಸ ನೀವು ತಿನ್ನಂಗಿಲ್ಲ. ಉಳದಿದ್ದ ಒಂದ ಹಾದಿ ಹಾಲು, ಅದನ್ನೂ ಗಂಗ್ಯಾಗ ಬಿಟ್ರಿ. ಮೈಯಾಗ ಹಳೇ ಸಾಠಾ ಇತ್ತು, ಇಷ್ಟ ವರ್ಷ ನಡೀತು. ಈಗ ತೀರೈತಿ. ರಕ್ತ ಚಲೋ ಐತಿ ಅಂದ್ರ ರಕ್ತ ಚಲೋ ಐತಿ, ಅಷ್ಟ. ಮನಶ್ಯಾ ಚಲೋ ಅದಾನ ಅಂತ ಇದರಾಗ ಎಲ್ಲಿ ಬರದಾರ?’

ಕಾಕಾ ರಿಪೋರ್ಟನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದ. ಬರೆದಿರಲಿಲ್ಲ.

‘ಬಾರಾ ಅಂದ್ರ ಹನ್ನೆರಡನೇದ್ರಿ? ಉಳದ ಹನ್ನೊಂದು ನನ್ನ ಹತ್ತರ ಅದಾವೇನ್ರಿ?’

‘ಅವುರ ಚಿಂತಿ ಬ್ಯಾಡ್ರಿ.’

‘ಹಂಗಾರ ಒಂದರಾಗ ಅಷ್ಟ ನಪಾಸು’ ಎಂದು ಕಾಕಾ ನನ್ನತ್ತ ನೋಡಿ ಸಮಾಧಾನ ಮಾಡಿಕೊಂಡ.

ಆ ಸತ್ವವನ್ನು ಅಳೆಯುವ ಪರೀಕ್ಷೆ ಅಲ್ಲಿ ಇರಲಿಲ್ಲ. ಔಷಧ ಕೊಟ್ಟು ನೋಡುವುದೇ ಪರೀಕ್ಷೆ ಎಂದರು ಡಾಕ್ಟರು. ಹಾಲು ಶುರುಮಾಡಿ ಎಂದಾಗ ಕಾಕಾ ಎದ್ದು ರುಮಾಲು ಸುತ್ತಿಕೊಳ್ಳತೊಡಗಿದ. ‘ಕಾಲ ಹೋದ್ರ ಹೋಗ್ಲಿ. ಅಣ್ಣನ ಮುಂದ ಹೆಂಗ ಕುಂದರ್ಲಿ?’ ಎಂದ. ಕೊನೆಗೆ ಸೂಜಿ ಎಂದು ಠರಾವಾಯಿತು. ಶೀಶೆಯೊಳಗೆ ದಾಳಿಂಬೆ ರಸದಂಥ ಕೆಂಪು ಔಷಧ. ಕಾಕಾ ಅದನ್ನು ಬೆಳಕಿಗೆ ಹಿಡಿದು ಕೇಳಿದ: ‘ಇದರಾಗ ಹಾಲ ಐತೇನ್ರಿ?’ ಇಲ್ಲ. ‘ಮಾಂಸ?’ ಇಲ್ಲ, ಕಣ್ಣಿಗೆ ಕಾಣದ ಜಂತುಗಳನ್ನು ಹಂಡೆಯಲ್ಲಿ ಬೆಳೆಸಿ ತೆಗೆಯುತ್ತಾರೆ. ಇದು ಹಾಲಿಗಿಂತ ದೊಡ್ಡ ತೊಡಕಾಯಿತು. ಜಂತು ಶಾಕಾಹಾರಿಯೋ ಅಲ್ಲವೋ? ಅದನ್ನು ಬಿಡಿಸಿದವಳು ಡಾಕ್ಟರಲ್ಲ, ಮನೆಯಲ್ಲಿದ್ದ ಕಾಕು. ಶೀಶೆಗಳನ್ನು ಹಾಗೇ ಹೊತ್ತು ಇಚಲಕರಂಜಿಗೆ ಮರಳಿದಾಗ ಅವಳು ಒಂದೇ ಮಾತು ಹೇಳಿದಳು: ‘ಗಂಗ್ಯಾಗ ನಿಂತು ಹಾಲ ಬಿಟ್ಟಿದ್ದು ಬಾಯಿ. ತೋಳ ಏನೂ ಬಿಟ್ಟಿಲ್ಲ. ಅಂಗಿ ತೋಳ ಏರಸ್ರಿ.’

ಓಣಿಯ ಕಂಪೌಂಡರ್ ದಿನಾ ಬಂದು ಚುಚ್ಚತೊಡಗಿದ. ಮೊದಲು ನಾಲಿಗೆಯ ಉರಿ ಹೋಯಿತು. ಕಾಲು ಮಾತ್ರ ಬಾಯಿ ಬಿಡಲಿಲ್ಲ. ದೀಪಾವಳಿ ಹತ್ತಿರ ಬಂತು. ಶೇಟ್ ಹೊಸ ಜಾಬರನನ್ನು ನೋಡಿಯೂ ಇಟ್ಟ. ಕಾಕಾ ಹೊಸಿಲ ಮೇಲೆ ಕೂತು, ಎರಡೂ ಪಾದ ಎದುರಿಗಿಟ್ಟುಕೊಂಡು, ಸಾಲಗಾರರನ್ನು ನೋಡುವಂತೆ ನೋಡುತ್ತಿದ್ದ. ನಾನು ನಗಿಸಲು ಹೋದರೆ ಕಾಕು ಕೈಸನ್ನೆಯಿಂದ ಬೇಡವೆನ್ನುತ್ತಿದ್ದಳು.

ಒಂದು ಮುಂಜಾನೆ ಅವರ ಹಿತ್ತಲಿನಿಂದ ಭಯಂಕರ ಕೂಗು ಕೇಳಿ ಓಣಿಯೇ ಓಡಿತು. ಕಾಕಾ ಒಂಟಿಕಾಲಲ್ಲಿ ನಿಂತು ಇನ್ನೊಂದು ಪಾದ ಎತ್ತಿ ಹಿಡಿದಿದ್ದ. ಅಂಗಾಲಲ್ಲಿ ಜಾಲಿಮುಳ್ಳು. ‘ನೀಲವ್ವಾ, ನೋವಾತ! ನೋವಾತಲೇ!’ ಎಂದು ಅಳುತ್ತ ನಗುತ್ತಿದ್ದ. ಮುಳ್ಳು ಕೀಳಲು ಹೋದವನಿಗೆ ‘ತಡೀ, ಇನ್ನಷ್ಟ ಇರ್ಲಿ’ ಎಂದು ಗದರಿಸಿದ. ಕಾಕು ಓಣಿಗೆಲ್ಲ ಬೆಲ್ಲ-ಶೇಂಗಾ ಹಂಚಿದಳು. ಮುಳ್ಳು ಹೆಟ್ಟಿದ್ದಕ್ಕೆ ಸಿಹಿ ಹಂಚಿದ ಮನೆ ನಾನು ಇನ್ನೊಂದು ಕಂಡಿಲ್ಲ.

ದೀಪಾವಳಿಯ ಪೂಜೆ ಮುಗಿದು ಶೆಡ್ಡು ಶುರುವಾದ ದಿನ ಕಾಕಾ ಕೈಯಲ್ಲೊಂದು ಕೋಲು ಹಿಡಿದು ಒಳಗೆ ಬಂದ. ಕೋಲನ್ನು ಗೋಡೆಗೆ ಆನಿಸಿ, ನಡುವೆ ನಿಂತು, ಕಣ್ಣು ಮುಚ್ಚಿದ. ಸ್ವಲ್ಪ ತೂಗಿದ, ಬೀಳಲಿಲ್ಲ. ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ಶೇಟ್ ಉಸಿರು ಹಿಡಿದಿದ್ದ. ಹೊಸ ಜಾಬರನೂ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಕಾಕಾ ಕಣ್ಣು ತೆರೆದು ಹೇಳಿದ: ‘ಶೇಟ್, ನೆಲಾ ಮತ್ತ ಬದಲ ಮಾಡ್ಸೀರಿ. ಈಗ ಗಟ್ಟಿ ಆಗೈತಿ. ಮೊದಲ ಹಿಂಗ ಹಾಕ್ಸಿದ್ರ ಏನ್ ಹೋಗತಿತ್ತು?’

ಜಾಗ ಉಳಿಯಿತು. ಹೊಸಬನಿಗೆ ಶೇಟ್ ತನ್ನ ತಮ್ಮನ ಶೆಡ್ಡಿನಲ್ಲಿ ಕೆಲಸ ಕೊಡಿಸಿದ.

ಬರಬರುತ್ತ ಕಾಕಾನ ಕೋಲೂ ಹೋಯಿತು, ಕಾಲಿನ ಧಪ್ ಸದ್ದೂ ಹೋಯಿತು. ಕೆಟ್ಟದ್ದಾದದ್ದು ನನಗೊಬ್ಬನಿಗೇ. ಹಳೆಯ ನಡಿಗೆ ಮಾಡಿ ತೋರಿಸಿದರೆ ಹೊಸ ಹುಡುಗರು ‘ಇದ್ಯಾರು?’ ಎಂದು ಕೇಳತೊಡಗಿದರು. ಹೊಸ ನಡಿಗೆ ಕಲಿಯೋಣವೆಂದು ಓಣಿಯಲ್ಲಿ ಕಾಕಾನ ಬೆನ್ನು ಹತ್ತಿದೆ. ಎಷ್ಟು ದೂರ ಹೋದರೂ ಹಿಡಿಯಲು ಒಂದು ಕೊಂಕೂ ಸಿಗಲಿಲ್ಲ.

‘ಯಾಕೋ ನಕಲ್ಯಾ, ಹಿಂದಿಂದ ಬರಾಕತ್ತಿ?’

‘ನಿನ್ನ ನಡಿಗಿ ಕಲ್ಯಾಕ, ಕಾಕಾ.’

‘ಮಂದಿ ನಡದಂಗ ನಡ್ಯಾಕತ್ತೇನಿ. ಅದರಾಗೇನ್ ಕಲೀತಿ?’ ಎಂದು ಅವನೂ ಒಂದು ಗಳಿಗೆ ನಿಂತು ತನ್ನ ಕಾಲು ನೋಡಿಕೊಂಡ.

ಕೆಲವು ವರ್ಷಗಳಾದ ಮೇಲೆ ಕಾಕಾ ಶೆಡ್ಡು ಬಿಟ್ಟು ಕೋಲ್ಹಾಪುರದಾಚೆಯ ಬಿದ್ರಿ ಊರಿಗೆ, ಮಗಳ ಮನೆಗೆ ಹೊರಟ. ಅಳಿಯನಿಗೆ ಸಕ್ಕರೆ ಕಾರಖಾನೆಯಲ್ಲಿ ಕೆಲಸ. ಕಾಕು ಮುಂಚೆಯೇ ಅಲ್ಲಿಗೆ ಹೋಗಿದ್ದಳು. ನನಗೂ ಕೋಲ್ಹಾಪುರದಲ್ಲಿ ಕೆಲಸವಿತ್ತು, ಕೂಡಿಯೇ ಬಸ್ಸಿನಲ್ಲಿ ಬಂದೆವು. ಸ್ಟ್ಯಾಂಡಿನಲ್ಲಿ ಇಳಿದಾಗ ಸಂತೆಯಂಥ ಗದ್ದಲ. ಕಾಕಾ ಗಂಟು ಹೆಗಲಿಗೇರಿಸಿ, ‘ಆ ಡಾಕ್ಟರನ್ನ ಒಮ್ಮಿ ಮಾಡಿ ತೋರ್ಸೋ’ ಎಂದ. ಅಲ್ಲಿಯೇ ನಿಂತು ಹಣೆ ಹಿಡಿದುಕೊಂಡು ಮಾಡಿ ತೋರಿಸಿದೆ. ಕಣ್ಣಲ್ಲಿ ನೀರು ಬರುವಂತೆ ನಕ್ಕ. ‘ಬಿದ್ರಿಗಿ ಬಾ. ಕಬ್ಬ ತಿನ್ನಾಕ ಬಾ’ ಎಂದು ಬೆನ್ನ ಮೇಲೆ ಒಂದು ಏಟು ಕೊಟ್ಟು ಹೊರಟ.

ಮುಂದಿನ ಮಳೆಗಾಲದಲ್ಲಿ ಕಾಕಾ ತೀರಿಕೊಂಡನೆಂದು ಬಿದ್ರಿಯಿಂದ ಸುದ್ದಿ ಬಂತು. ಎದೆನೋವಂತೆ, ಒಂದೇ ದಿನದ್ದು. ನಾನು ಅವನನ್ನು ಕೊನೆಯ ಸಲ ನೋಡಿದ್ದು ಆ ಸ್ಟ್ಯಾಂಡಿನಲ್ಲೇ. ನೋಡಿದ್ದು ಅನ್ನುವುದೂ ತಪ್ಪು. ಚಹಾ ಕುಡಿಸದೇ ಕಳಿಸಿದೆನಲ್ಲ ಎಂದು ನೆನಪಾಗಿ ತಿರುಗಿದಾಗ ಅವನು ಜನರ ನಡುವೆ ಸೇರಿಬಿಟ್ಟಿದ್ದ. ಬೆನ್ನಿನಿಂದ ಹುಡುಕಿದೆ, ಎಲ್ಲರ ಹೆಗಲ ಮೇಲೂ ಗಂಟು. ಕಾಲಿನಿಂದ ಹುಡುಕಿದೆ, ಒಂದು ಕಾಲೂ ಎತ್ತರಕ್ಕೆ ಏಳುತ್ತಿರಲಿಲ್ಲ, ಒಂದೂ ಧಪ್ಪೆನ್ನುತ್ತಿರಲಿಲ್ಲ, ಎಲ್ಲ ಮಂದಿ ನಡೆದಂತೆ ನಡೆಯುತ್ತಿದ್ದರು. ‘ಕಾಕಾ!’ ಎಂದು ಜೋರಾಗಿ ಕೂಗಿದೆ. ಏಳೆಂಟು ಕಾಕಾಗಳು ತಿರುಗಿ ನೋಡಿದರು.